ಕೋಚ್‌ಗಳ ನಿರಂತರ ಶಿಕ್ಷಣ ಮತ್ತು ಅರ್ಹತಾಪತ್ರದ ನವೀಕರಣ

ಉದ್ಯೋಗ, ನಾಯಕತ್ವ ಮೊದಲಾದ ವಿಷಯಗಳಲ್ಲಿ ವ್ಯಕ್ತಿಯು ತನ್ನ ದಾರಿಯನ್ನು ತಾನೇ ಕಂಡುಕೊಳ್ಳಲು ಸಂಭಾಷಣೆಯ ಮೂಲಕ ನೆರವಾಗುವವರೇ ವೃತ್ತಿಪರ ಕೋಚ್‌ಗಳು. ಇವರು ಕ್ರೀಡಾ ತರಬೇತುದಾರರಲ್ಲ. ಭಾರತದಲ್ಲಿ ಈ ವೃತ್ತಿಗೆ ಸರ್ಕಾರದ ಪರವಾನಗಿ ಕಡ್ಡಾಯವಲ್ಲ. ಆದುದರಿಂದ ವೃತ್ತಿಸಂಸ್ಥೆಗಳು ನೀಡುವ ಅರ್ಹತಾಪತ್ರಕ್ಕೆ ಮಹತ್ವವಿದೆ.

1995ರಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಸಿಸಿ, ಪಿಸಿಸಿ ಹಾಗೂ ಎಂಸಿಸಿ ಎಂಬ ಶ್ರೇಣಿಗಳಲ್ಲಿ ಇಂತಹ ಪತ್ರವನ್ನು ನೀಡುತ್ತದೆ. ಇದರ ಅವಧಿ 3 ವರ್ಷ. ನವೀಕರಣ ಬಯಸುವವರು ಈ ಅವಧಿಯಲ್ಲಿ 40 ಗಂಟೆಗಳ ಶಿಕ್ಷಣವನ್ನು ಪೂರೈಸಬೇಕು. ಕನಿಷ್ಠ 24 ಗಂಟೆಗಳು ಆಲಿಸುವಿಕೆ, ವಿಶ್ವಾಸವರ್ಧನೆ ಮುಂತಾದ ಮೂಲ ಸಾಮರ್ಥ್ಯಗಳಿಗೆ ಸಂಬಂಧಿಸಿರಬೇಕು. ವೃತ್ತಿನೀತಿಯ ಅಧ್ಯಯನಕ್ಕೆ 3 ಗಂಟೆಗಳು ಅಗತ್ಯ. ಎಸಿಸಿ ಶ್ರೇಣಿಯವರು ಅನುಭವಿ ಕೋಚ್‌ರಿಂದ 10 ಗಂಟೆಗಳ ಮಾರ್ಗದರ್ಶನವನ್ನೂ ಪಡೆಯಬೇಕು.

ವೃತ್ತಿನೀತಿಯ ಪಾಠವನ್ನು ಮತ್ತೆ ಮತ್ತೆ ಕಲಿಯುವುದಕ್ಕೆ ಕಾರಣವಿದೆ. ನೆರವು ಬಯಸಿ ಬಂದ ನೌಕರನು ತನ್ನ ಭಯ, ಸೋಲು ಹಾಗೂ ಮೇಲಧಿಕಾರಿಯೊಡನೆ ಇರುವ ಮನಸ್ತಾಪವನ್ನು ಹೇಳಿಕೊಳ್ಳುತ್ತಾನೆ. ಶುಲ್ಕವನ್ನು ಭರಿಸುವುದು ಅವನ ಕಂಪನಿಯೇ ಆದಲ್ಲಿ, ಯಾವ ಮಾತು ಕಂಪನಿಗೆ ತಲುಪಬಹುದು, ಯಾವುದು ತಲುಪಕೂಡದು ಎಂಬುದು ಮೊದಲೇ ಇತ್ಯರ್ಥವಾಗಿರಬೇಕು. ಮನೋರೋಗದ ಲಕ್ಷಣ ಕಂಡುಬಂದಲ್ಲಿ ಅಂಥವರನ್ನು ವೈದ್ಯರ ಬಳಿಗೆ ಕಳುಹಿಸುವುದು ಕೋಚ್‌ನ ಕರ್ತವ್ಯ.

ಕೋಚ್‌ನ ನೆರವು ಪಡೆಯುವವರು ಅರ್ಹತಾಪತ್ರದ ಮುಕ್ತಾಯ ದಿನಾಂಕವನ್ನು ನೋಡುವುದು ಹಾಗೂ ಗೋಪ್ಯತೆಯ ನಿಯಮವನ್ನು ಮೊದಲ ಭೇಟಿಯಲ್ಲೇ ಕೇಳಿ ತಿಳಿಯುವುದು ಒಳಿತು.