ಒಂದೇ ಊರು, ಹಲವು ವೀರರು: ಸ್ವಂತ ಕಾಮಿಕ್ಸ್ ಲೋಕ ಕಟ್ಟುವ ಬಗೆ

2004ರಲ್ಲಿ, ಬೆಂಗಳೂರಿನಲ್ಲಿ ಕಚೇರಿ ಇದ್ದ ಗೋಥಮ್ ಕಾಮಿಕ್ಸ್ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಹೊರತಂದಿತು. ಚಿತ್ರಗಳು ಜೀವನ್ ಕಾಂಗ್ ಅವರವು. ಧೋತಿ ಉಟ್ಟು ಮುಂಬೈಯಲ್ಲಿ ಜಿಗಿದಾಡುವ ಪವಿತ್ರ್ ಪ್ರಭಾಕರನ ಆ ಕಥೆ ಮುಗಿದದ್ದು ನಾಲ್ಕೇ ಸಂಚಿಕೆಗಳಲ್ಲಿ. ಆದರೂ 2014ರ ‘ಸ್ಪೈಡರ್-ವರ್ಸ್’ ಕಥೆಯಲ್ಲಿ ಅವನು ಉಳಿದ ಸ್ಪೈಡರ್‌ಮ್ಯಾನ್‌ಗಳ ಜೊತೆ ನಿಂತ. 2023ರಲ್ಲಿ ಸಿನಿಮಾಕ್ಕೂ ಬಂದ. ಹೀಗೆ ಹಲವು ವೀರರ ಕಥೆಗಳು ಒಂದಕ್ಕೊಂದು ಹೆಣೆದುಕೊಂಡು ಒಂದೇ ಕಥಾಲೋಕವಾಗುವುದನ್ನು ಶೇರ್ಡ್ ಯೂನಿವರ್ಸ್ ಎನ್ನುತ್ತಾರೆ. ಬೆಂಗಳೂರಿನ ಕುರುಬರಹಳ್ಳಿಯ ಇಬ್ಬರು ಮೂವರು ಗೆಳೆಯರು ಸೇರಿದರೂ ಅದನ್ನು ಕಟ್ಟಬಹುದು. ಒಂದು ನಿಯಮ ಮಾತ್ರ ಬಿಡಬಾರದು: ಪ್ರತಿ ಕಥೆಯೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಹಂತ 1: ಮೊದಲು ಊರು

ಕರ್ಟ್ ಬ್ಯೂಸಿಕ್ 1995ರಲ್ಲಿ ಶುರುಮಾಡಿದ ‘ಆಸ್ಟ್ರೋ ಸಿಟಿ’ಯಲ್ಲಿ ಕಥಾನಾಯಕರು ಬದಲಾಗುತ್ತಾರೆ, ಊರು ಅದೇ ಇರುತ್ತದೆ. ನೀವೂ ಒಂದು ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆಯಿರಿ. ಕುರುಬರಹಳ್ಳಿ ಸರ್ಕಲ್, ರಾಜಕಾಲುವೆ, ಕಮಲಾನಗರ, ಮಹಾಲಕ್ಷ್ಮಿ ಮೆಟ್ರೋ ನಿಲ್ದಾಣ, ರಾಜಾಜಿನಗರದ ಕೈಗಾರಿಕಾ ಪ್ರದೇಶ. ಯಾವ ಬೀದಿ ಇಳಿಜಾರು, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ನಡೆದು ನೋಡಿ ಗುರುತು ಹಾಕಿ.

ಹಂತ 2: ಶಕ್ತಿಯ ಜೊತೆ ಮಿತಿ

ಇಬ್ಬರು ವೀರರು ಸಾಕು. ಉದಾಹರಣೆಗೆ, ಒಬ್ಬಾಕೆ ಪೌರಕಾರ್ಮಿಕೆ. ನೆಲದಡಿ ಹರಿಯುವ ನೀರಿನ ಸದ್ದು ಆಕೆಗೆ ಕೇಳಿಸುತ್ತದೆ, ಆದರೆ ಬರಿಗಾಲಲ್ಲಿ ನಿಂತಾಗ ಮಾತ್ರ. ಇನ್ನೊಬ್ಬ ಲೇತ್ ಕೆಲಸಗಾರ. ಕಬ್ಬಿಣವನ್ನು ಕೈಯಲ್ಲೇ ಬಗ್ಗಿಸುತ್ತಾನೆ, ಆದರೆ ಅದು ಬಿಸಿಯಿದ್ದಾಗ ಮಾತ್ರ. ಕಥೆ ಹುಟ್ಟುವುದು ಈ ‘ಮಾತ್ರ’ದಿಂದ.

ಹಂತ 3: ದಾಖಲೆ ಪುಸ್ತಕ

ಒಂದು ನೋಟ್‌ಬುಕ್ ಇಡಿ. ಯಾರ ವಯಸ್ಸೆಷ್ಟು, ಯಾವ ಘಟನೆ ಯಾವ ದಿನ ಎಷ್ಟು ಗಂಟೆಗೆ ನಡೆಯಿತು, ಯಾರ ಗುಟ್ಟು ಯಾರಿಗೆ ಗೊತ್ತು, ಎಲ್ಲವೂ ಅದರಲ್ಲಿರಲಿ. ಅಚ್ಚಾದದ್ದನ್ನು ಮುಂದೆ ಯಾರೂ ಅಳಿಸುವಂತಿಲ್ಲ. ಓದುಗರ ನಂಬಿಕೆ ನಿಂತಿರುವುದು ಅದರ ಮೇಲೆ.

ಹಂತ 4: ಒಂದು ಘಟನೆ, ಎರಡು ಪುಸ್ತಕ

ಇಬ್ಬರಿಗೂ ಹದಿನಾರು ಪುಟಗಳ ಒಂದೊಂದು ಕಥೆ ಬರೆಯಿರಿ. ಎರಡರಲ್ಲೂ ಒಂದೇ ರಾತ್ರಿಯ ಮಳೆ. ಆಕೆಯ ಪುಸ್ತಕದ ಒಂಬತ್ತನೇ ಪುಟದಲ್ಲಿ ಬೀದಿದೀಪಗಳು ಒಮ್ಮೆಲೇ ಆರುತ್ತವೆ. ಅವನ ಪುಸ್ತಕದ ನಾಲ್ಕನೇ ಪುಟದಲ್ಲಿ ಕರೆಂಟ್ ಹೋಗಿ ಲೇತ್ ನಿಲ್ಲುತ್ತದೆ; ಕೈಯಲ್ಲಿದ್ದ ಕಬ್ಬಿಣ ತಣ್ಣಗಾಗತೊಡಗುತ್ತದೆ. ಎರಡೂ ಒಂದೇ ಗಳಿಗೆ ಎಂದು ಎಲ್ಲೂ ಬಾಯಿಬಿಟ್ಟು ಹೇಳಬೇಡಿ. ಎರಡನ್ನೂ ಓದಿದವರು ತಾವೇ ಕಂಡುಕೊಳ್ಳಲಿ.

2017ರ ಅಕ್ಟೋಬರ್ ಮಳೆಯಲ್ಲಿ ಕುರುಬರಹಳ್ಳಿಯ ರಾಜಕಾಲುವೆಗೆ ಕೊಚ್ಚಿಹೋಗಿ ಜನ ನಿಜವಾಗಿಯೂ ಪ್ರಾಣ ಕಳೆದುಕೊಂಡಿದ್ದಾರೆ. ಅವರ ಹೆಸರು, ಮುಖ ನಿಮ್ಮ ಕಥೆಗೆ ಬೇಡ. ಮಳೆ ಕಲ್ಪನೆಯದಾಗಿರಲಿ, ಅದರ ಭಯ ಮಾತ್ರ ಹಗುರಾಗದಿರಲಿ.

ಹಂತ 5: ಭೇಟಿ

ವೀರರು ಮುಖಾಮುಖಿಯಾಗುವುದು ಮೂರನೇ ಪುಸ್ತಕದಲ್ಲಿ. ಇದಕ್ಕೆ ಮಹಾಭಾರತದ ವನಪರ್ವಕ್ಕಿಂತ ಒಳ್ಳೆಯ ಪಾಠವಿಲ್ಲ. ಸೌಗಂಧಿಕಾ ಪುಷ್ಪ ತರಲು ಹೊರಟ ಭೀಮನ ದಾರಿಯಲ್ಲಿ ಮುದಿ ಕೋತಿಯಾಗಿ ಹನುಮ ಮಲಗಿದ್ದಾನೆ. ದಾರಿಗೆ ಅಡ್ಡವಾಗಿದ್ದ ಅವನ ಬಾಲವನ್ನು ಭೀಮನಿಗೆ ಎತ್ತಲಾಗುವುದಿಲ್ಲ. ರಾಮಾಯಣ ಓದದವರಿಗೂ ಈ ಪ್ರಸಂಗ ಅರ್ಥವಾಗುತ್ತದೆ, ಓದಿದವರಿಗೆ ಇನ್ನಷ್ಟು ರುಚಿಸುತ್ತದೆ. ಭೀಮನ ಗರ್ವ ಮುರಿಯುತ್ತದೆ. ಅರ್ಜುನನ ಬಾವುಟದಲ್ಲಿ ನೆಲೆಸುವೆನೆಂದು ಹನುಮ ಕೊಟ್ಟ ಮಾತು ಕುರುಕ್ಷೇತ್ರದವರೆಗೂ ನಡೆಯುತ್ತದೆ. ನಿಮ್ಮ ಭೇಟಿಯೂ ಒಬ್ಬರನ್ನಾದರೂ ಬದಲಿಸಬೇಕು, ಮುಂದಿನ ಕಥೆಗೆ ಏನನ್ನಾದರೂ ಉಳಿಸಬೇಕು. ಬರೀ ಹೊಡೆದಾಟ ಸಾಲದು.

ಹಂತ 6: ಕರಾರು

1992ರಲ್ಲಿ ಮಾರ್ವೆಲ್‌ನ ಜನಪ್ರಿಯ ಕಲಾವಿದರು ಹೊರಬಂದು ಇಮೇಜ್ ಕಾಮಿಕ್ಸ್ ಕಟ್ಟಿದ್ದು ಪಾತ್ರಗಳ ಒಡೆತನ ತಮ್ಮಲ್ಲೇ ಉಳಿಯಲಿ ಎಂದು. ಯಾವ ಪಾತ್ರ ಯಾರದು, ಗೆಳೆಯ ಬಿಟ್ಟುಹೋದರೆ ಅದನ್ನು ಬಳಸಬಹುದೇ, ದುಡ್ಡು ಹೇಗೆ ಹಂಚಿಕೆ ಎಂಬುದನ್ನು ಮೊದಲೇ ಬರೆದು ಎಲ್ಲರೂ ಸಹಿ ಹಾಕಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದಾಗುತ್ತದೆ.

ಹಂತ 7: ಅಕ್ಷರ, ಅಚ್ಚು

ಮೊದಲು ಮಾತು ಬರೆದು, ಆಮೇಲೆ ಅದರ ಸುತ್ತ ಬಲೂನ್ ಎಳೆಯಿರಿ. ಕನ್ನಡದ ಪದಗಳು ಉದ್ದ, ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಪ್ರೂಫ್‌ನಲ್ಲಿ ಒತ್ತುಗಳು ಒಡೆದಿವೆಯೇ ಎಂದು ಒಂದೊಂದಾಗಿ ನೋಡಿ. ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು.

ಹಂತ 8: ಪರೀಕ್ಷೆ

ಮೊದಲೆರಡನ್ನು ನೋಡದ ಒಬ್ಬ ಹುಡುಗಿಗೆ ಮೂರನೇ ಪುಸ್ತಕವನ್ನೇ ಕೊಡಿ. ಎಲ್ಲಿಯೂ ತಡವರಿಸದೆ ಓದಿ ಮುಗಿಸಿ, ‘ಇವರ ಹಳೇ ಕಥೆ ಎಲ್ಲಿದೆ?’ ಎಂದು ಕೇಳಿದರೆ ಅಚ್ಚಿಗೆ ಕಳಿಸಿ. ‘ಇವರು ಯಾರು?’ ಎಂದು ಕೇಳಿದರೆ ಐದನೇ ಹಂತಕ್ಕೆ ಮರಳಿ, ಆ ಭೇಟಿಯನ್ನು ಇನ್ನೊಮ್ಮೆ ಬರೆಯಿರಿ.