ಶಬ್ದ ಒಂದು, ಪದಾರ್ಥ ಹಲವು: ಕೆನೆಯ ದೇಶಭೇದ ವಿಚಾರ

ಶಬ್ದದ ಅರ್ಥವು ನಮಗೆ ತಿಳಿಯುವ ದಾರಿಗಳು ಹಲವು. ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ ಮೊದಲಾದುವನ್ನು ನಮ್ಮ ಶಾಸ್ತ್ರಕಾರರು ಎಣಿಸಿದ್ದಾರೆ. ಇವುಗಳಲ್ಲಿ ಕೋಶವೊಂದನ್ನೇ ನಂಬಿ ವ್ಯವಹಾರವನ್ನು ಮರೆತವನ ಗತಿ ಏನಾಗುತ್ತದೆಂಬುದನ್ನು, ದೀರ್ಘಕಾಲ ಪಾಠ ಹೇಳಿದ ಮೇಲೆಯೂ ನಾನು ಅಡುಗೆಯ ಮನೆಯಲ್ಲಿ ಕಲಿಯಬೇಕಾಯಿತು.

ಕೆಲವು ವರ್ಷಗಳ ಹಿಂದೆ ಶಾಲೆಯ ವಸ್ತುಪ್ರದರ್ಶನದ ಸಮಯದಲ್ಲಿ ವಿದ್ಯಾರ್ಥಿನಿಯರು ಒಂದು ಕಾಗದವನ್ನು ತಂದು ಕೊಟ್ಟರು. ಇಂಗ್ಲೆಂಡಿನಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದು ಕಳುಹಿಸಿದ, ಮೊಟ್ಟೆಯಿಲ್ಲದ ಕೇಕಿನ ವಿಧಾನವದು. ಅದರಲ್ಲಿ ‘ಡಬಲ್ ಕ್ರೀಮ್ 200 ಮಿಲಿಲೀಟರ್’ ಎಂದಿದ್ದುದನ್ನು ನಾನು ‘ಇಮ್ಮಡಿ ಕೆನೆ’ ಎಂದು ಕನ್ನಡಿಸಿದೆ. ಮಕ್ಕಳು ತಾವೇ ಕೂಡಿಸಿದ ಹಣದಿಂದ ಪೇಟೆಯ ಕೆನೆಯ ಪೊಟ್ಟಣಗಳನ್ನು ತಂದು, 400 ಮಿಲಿಲೀಟರ್ ಸುರಿದು, ಕೈ ಸೋಲುವವರೆಗೆ ಕಡೆದರು. ಕೊನೆಗೆ ಒಬ್ಬಳು ಬಂದು, “ನೀವು ಬರೆದ ಹಂಗ ಇಮ್ಮಡಿ ಕೆನಿ ಹಾಕೇವ್ರಿ ಗುರುಗಳ, ಗಟ್ಟಿನ ಆಗವಲ್ದು” ಎಂದಳು. ತಪ್ಪು ಮಕ್ಕಳದಲ್ಲ, ಅನುವಾದಕನದು. ‘ಡಬಲ್’ ಎಂಬುದು ಅಲ್ಲಿ ಪರಿಮಾಣವಾಚಕವಲ್ಲ. ಒಂದು ಜಾತಿಯ ಕೆನೆಗೆ ಇಟ್ಟ ಹೆಸರು. ಪೊಟ್ಟಣ ಒಂದಿರಲಿ ಹತ್ತಿರಲಿ, ಶೇಕಡಾ 25 ಜಿಡ್ಡಿನ ಕೆನೆ ಶೇಕಡಾ 25 ಆಗಿಯೇ ಉಳಿಯುತ್ತದೆ.

ಈಗ ಕೆನೆಯ ಸ್ವರೂಪವನ್ನು ವಿಚಾರಿಸೋಣ. ಹಾಲಿನಲ್ಲಿ ಜಿಡ್ಡು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹರಡಿಕೊಂಡಿರುತ್ತದೆ. ಅದು ನೀರಿಗಿಂತ ಹಗುರವಾದುದರಿಂದ, ಹಾಲನ್ನು ಅಲುಗಿಸದೆ ಇಟ್ಟರೆ ಮೇಲಕ್ಕೇರುತ್ತದೆ. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ದ ಲಾವಲ್ ಎಂಬಾತನು ಹಾಲನ್ನು ವೇಗವಾಗಿ ತಿರುಗಿಸಿ ಕೆನೆಯನ್ನು ಬೇರ್ಪಡಿಸುವ ಯಂತ್ರವನ್ನು ರೂಪಿಸಿದನು. ಇಂತಿಷ್ಟೇ ಜಿಡ್ಡಿನ ಕೆನೆಯನ್ನು ತೆಗೆಯುವುದು ಅಂತಹ ಯಂತ್ರಗಳಿಂದ ಸುಲಭವಾಯಿತು. ನಮ್ಮ ಮನೆಗಳ ಕೆನೆಯಾದರೋ ಕಾಯಿಸಿದ ಹಾಲಿನ ಮೇಲೆ ಕಟ್ಟುವ ಪದರ. ಅದರಲ್ಲಿ ಜಿಡ್ಡಿನೊಡನೆ ಬಿಸಿಗೆ ಹೆಪ್ಪುಗಟ್ಟಿದ ಹಾಲಿನ ಸಸಾರಜನಕವೂ ಸೇರಿರುತ್ತದೆ. ಆದುದರಿಂದ ಅದು ಕಡೆದರೆ ಬೆಣ್ಣೆಗೆ ಒದಗುವುದೇ ಹೊರತು ನಯವಾದ ನೊರೆಗಲ್ಲ.

ಕೆನೆ ನೊರೆಯಾಗುವುದು ಹೇಗೆ? ಕಡೆಯುವಾಗ ಗಾಳಿಯ ಗುಳ್ಳೆಗಳು ಒಳಸೇರುತ್ತವೆ. ಜಿಡ್ಡಿನ ಹನಿಗಳ ಹೊರಪೊರೆ ಅಲ್ಲಲ್ಲಿ ಹರಿದು, ಅವು ಒಂದಕ್ಕೊಂದು ಅರೆಬರೆ ಅಂಟಿಕೊಂಡು, ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಈ ಗೋಡೆಗೆ ಜಿಡ್ಡು ಸಾಕಷ್ಟಿರಬೇಕು. ಸಾಮಾನ್ಯವಾಗಿ ಶೇಕಡಾ 30ಕ್ಕಿಂತ ಕಡಿಮೆಯಾದರೆ ನೊರೆ ನಿಲ್ಲುವುದಿಲ್ಲ. ಜಿಡ್ಡು ಗಟ್ಟಿಯಾಗಿಯೂ ಇರಬೇಕು; ಅದಕ್ಕಾಗಿಯೇ ಕೆನೆಯನ್ನೂ ಪಾತ್ರೆಯನ್ನೂ ಮೊದಲು ತಣ್ಣಗೆ ಮಾಡುವುದು. ಹದ ಮೀರಿ ಕಡೆದರೆ ಗೋಡೆಯೊಡೆದು ಜಿಡ್ಡೆಲ್ಲ ಒಂದುಗೂಡಿ ಬೆಣ್ಣೆಯಾಗುತ್ತದೆ. ಕಡಗೋಲು ಹಿಡಿದ ನಮ್ಮ ತಾಯಂದಿರಿಗೆ ಈ ಕೊನೆಯ ಅವಸ್ಥೆ ಚಿರಪರಿಚಿತ.

ಇನ್ನು ದೇಶಭೇದಗಳು. ಬ್ರಿಟನ್ನಿನಲ್ಲಿ ‘ಸಿಂಗಲ್ ಕ್ರೀಮ್’ ಎಂದರೆ ಶೇಕಡಾ 18 ಜಿಡ್ಡು. ಇದು ಹಣ್ಣಿನ ಮೇಲೆ ಸುರಿಯುವುದಕ್ಕೆ ಸರಿ, ಕಡೆಯುವುದಕ್ಕಲ್ಲ. ‘ವಿಪ್ಪಿಂಗ್ ಕ್ರೀಮ್’ ಶೇಕಡಾ 35, ‘ಡಬಲ್ ಕ್ರೀಮ್’ ಶೇಕಡಾ 48. ಡೆವನ್ ಮತ್ತು ಕಾರ್ನ್‌ವಾಲ್ ಪ್ರಾಂತಗಳ ‘ಕ್ಲಾಟೆಡ್ ಕ್ರೀಮ್’ ಶೇಕಡಾ 55. ಅಗಲವಾದ ತಟ್ಟೆಯಲ್ಲಿ ಮೆಲ್ಲನೆ ಕಾಯಿಸಿ ಆರಿಸಿ ತೆಗೆಯುವ ಇದು ನಮ್ಮ ಮನೆಯ ಕೆನೆಗೆ ಹತ್ತಿರದ ಬಂಧು. ಇದನ್ನು ಕಡೆಯುವುದಿಲ್ಲ, ಸ್ಕೋನ್ ಎಂಬ ತಿಂಡಿಗೆ ಸವರುತ್ತಾರೆ. ಅಮೆರಿಕೆಯಲ್ಲಿ ‘ಡಬಲ್’ ಎಂಬ ವರ್ಗವಿಲ್ಲ. ಅಲ್ಲಿಯ ‘ಹೆವಿ ಕ್ರೀಮ್’ ಶೇಕಡಾ 36ಕ್ಕೆ ಕಡಿಮೆಯಿರಬಾರದು. ಅಲ್ಲಿಯ ‘ಹಾಫ್ ಅಂಡ್ ಹಾಫ್’ ಸುಮಾರು 10ರಿಂದ 18ರೊಳಗಿನದು, ಕಾಫಿಗೆ ಯೋಗ್ಯ. ಜರ್ಮನಿಯ ‘ಷ್ಲಾಗ್‌ಸಾನೆ’ಗೆ ಶೇಕಡಾ 30 ಸಾಕು, ಅದೇ ಭಾಷೆಯಾಡುವ ಆಸ್ಟ್ರಿಯದಲ್ಲಿ ಇದನ್ನು ‘ಷ್ಲಾಗೋಬರ್ಸ್’ ಎನ್ನುತ್ತಾರೆ.

ಗಟ್ಟಿತನವನ್ನು ನೋಡಿ ಜಿಡ್ಡನ್ನು ಊಹಿಸುವುದೂ ಮೋಸವೇ. ಫ್ರಾನ್ಸಿನ ‘ಕ್ರೆಮ್ ಫ್ರೆಷ್’ ದಪ್ಪಗಿರುವುದು ಹೆಪ್ಪು ಹಾಕಿದುದರಿಂದ. ಜಿಡ್ಡು ಬಹುಮಟ್ಟಿಗೆ ಶೇಕಡಾ 30ರ ಮೇಲಿದ್ದು, ಸಾರಿನಲ್ಲಿ ಕುದಿಸಿದರೂ ಒಡೆಯದು. ಆಸ್ಟ್ರೇಲಿಯದ ‘ತಿಕನ್ಡ್ ಕ್ರೀಮ್’ ಸುಮಾರು ಶೇಕಡಾ 35. ಅದನ್ನು ದಪ್ಪಗೊಳಿಸಲು ಸಸ್ಯದ ಅಂಟನ್ನಾಗಲಿ ಜೆಲಟಿನ್ನನ್ನಾಗಲಿ ಸೇರಿಸಿರುತ್ತಾರೆ. ಜೆಲಟಿನ್ ಪ್ರಾಣಿಜನ್ಯವಾದುದರಿಂದ ಸಸ್ಯಾಹಾರಿಗಳು ಪೊಟ್ಟಣವನ್ನು ಓದಿಯೇ ಕೊಳ್ಳಬೇಕು.

ನಮ್ಮ ದೇಶದ ನಿಯಮವು ಶೇಕಡಾ 25, 40, 60ಕ್ಕೆ ಕಡಿಮೆಯಿಲ್ಲದ ಮೂರು ವರ್ಗಗಳನ್ನು ಹೇಳುತ್ತದೆ. ಅಂಗಡಿಯ ‘ಫ್ರೆಶ್ ಕ್ರೀಮ್’ ಬಹುಮಟ್ಟಿಗೆ 25ರದು. ಮಕ್ಕಳ ಶ್ರಮ ವ್ಯರ್ಥವಾದುದು ಇದರಿಂದಲೇ. ಬೇಕರಿಯ ಕೇಕಿನ ಮೇಲಿನ ಬಿಳಿಯ ನೊರೆಯೋ ಎಷ್ಟೋ ಕಡೆ ಸಸ್ಯದ ಎಣ್ಣೆಯದು, ಹಾಲಿನದಲ್ಲ.

ಬೇಯಿಸುವ ತಿಂಡಿಯಲ್ಲಿಯೂ ಭೇದವನ್ನು ಗಮನಿಸಬೇಕು. ಕೆನೆಯಿಂದಲೇ ಹಿಟ್ಟು ಕಲಸುವ ಕಡೆ ಅದರ ಜಿಡ್ಡು ಬೆಣ್ಣೆಯ ಕೆಲಸವನ್ನೂ, ನೀರು ಹಾಲಿನ ಕೆಲಸವನ್ನೂ ಮಾಡುತ್ತವೆ. ತೆಳುವಾದುದನ್ನು ಹಾಕಿದರೆ ಹಿಟ್ಟು ಅಂಟಾಗಿ ತಿಂಡಿ ಬಿರುಸಾಗುತ್ತದೆ. ಅಮೆರಿಕೆಯ ವಿಧಾನಕ್ಕೆ ಬ್ರಿಟನ್ನಿನ ಡಬಲ್ ಕ್ರೀಮ್ ಬಳಸುವವರು ಮೂರು ಪಾಲಿಗೆ ಒಂದು ಪಾಲು ಹಾಲು ಬೆರೆಸಿದರೆ ಜಿಡ್ಡು ಸುಮಾರು 37ಕ್ಕೆ ಇಳಿದು ಹೊಂದುತ್ತದೆ. ಆದರೆ ಹಾಲಿಗೆ ಬೆಣ್ಣೆ ಕರಗಿಸಿ ಹಾಕಿ ಲೆಕ್ಕ ಸರಿದೂಗಿಸಿದವರಿಗೆ ಬೇಯಿಸುವ ಕೆಲಸ ನಡೆದೀತೇ ಹೊರತು ನೊರೆ ಬಾರದು. ಹನಿಗಳ ಪೊರೆ ಬೆಣ್ಣೆಯಾಗುವಾಗಲೇ ಹರಿದುಹೋಗಿರುತ್ತದೆ.

ಮರುವರ್ಷ ಆ ಕಾಗದವನ್ನು ನಾನು ತಿದ್ದಿಕೊಟ್ಟೆ. ‘ಇಮ್ಮಡಿ ಕೆನೆ’ ಎಂಬುದನ್ನು ಹೊಡೆದುಹಾಕಿ, ‘ಶೇಕಡಾ 35ಕ್ಕೆ ಕಡಿಮೆಯಿಲ್ಲದ ಜಿಡ್ಡುಳ್ಳ, ತಣ್ಣಗಿನ ಹಾಲಿನ ಕೆನೆ, 200 ಮಿಲಿಲೀಟರ್’ ಎಂದು ಬರೆದೆ. ಒಬ್ಬರ ಅಣ್ಣ ಹುಬ್ಬಳ್ಳಿಯಿಂದ ಅಂತಹ ಕೆನೆಯನ್ನು ತಂದುಕೊಟ್ಟ. ನೊರೆ ಕೆಲವೇ ನಿಮಿಷಗಳಲ್ಲಿ ಎದ್ದು ನಿಂತಿತು. ವಿದ್ಯಾರ್ಥಿಗಳೆ, ಪರಭಾಷೆಯ ಶಬ್ದವೊಂದನ್ನು ಕನ್ನಡಕ್ಕೆ ತರುವ ಮುನ್ನ ಆ ನಾಡಿನವರು ಅದರಿಂದ ಯಾವ ವಸ್ತುವನ್ನು ಕೈಗೆತ್ತಿಕೊಳ್ಳುತ್ತಾರೆಂಬುದನ್ನು ಕೇಳಿ ತಿಳಿಯಿರಿ. ಕೋಶವನ್ನು ಆ ಬಳಿಕ ತೆರೆಯಬಹುದು.