ಹಳೆಯ ವರ್ಕ್‌ಸ್ಟೇಷನ್‌ನಲ್ಲಿ ಓವರ್‌ಕ್ಲಾಕಿಂಗ್: ಗುಣಕದ ಲೆಕ್ಕ, ಬಿಸಿಯ ಲೆಕ್ಕ

ಆಫೀಸುಗಳು ಬಳಸಿ ಬಿಟ್ಟ ಡೆಲ್ ಪ್ರಿಸಿಷನ್ ಟಿ3500ನಂಥ ವರ್ಕ್‌ಸ್ಟೇಷನ್ ಮನೆಗೆ ತಂದ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ: “ಸರ್, ಇದನ್ನ ಓವರ್‌ಕ್ಲಾಕ್ ಮಾಡಬಹುದಾ?”

ಉತ್ತರ ಒಳಗಿರುವ ಪ್ರೊಸೆಸರ್ ಮೇಲೆ ನಿಂತಿದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಅದರ ಹೆಸರು ನೋಡಿ. ಜಿಯಾನ್ ಎಕ್ಸ್5650 ಅಥವಾ ಎಕ್ಸ್5670 ಎಂದಿದ್ದರೆ ಗುಣಕಕ್ಕೆ ಬೀಗ ಬಿದ್ದಿದೆ. 2010ರಲ್ಲಿ ಬಂದ, ಆರು ಕೋರ್‌ಗಳ ಡಬ್ಲ್ಯೂ3680 ಇದ್ದರೆ ಬೀಗ ತೆರೆದಿದೆ.

ಗುಣಕ ಎಂದರೇನು? ಮದರ್‌ಬೋರ್ಡ್ ಕೊಡುವ ಮೂಲ ಗಡಿಯಾರ 133 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು 25ರಿಂದ ಗುಣಿಸಿ ಸುಮಾರು 3.33 ಗಿಗಾಹರ್ಟ್ಸ್‌ನಲ್ಲಿ ಓಡುತ್ತದೆ. ಗುಣಕವನ್ನು 29 ಮಾಡಿದರೆ 3.87 ಆಗುತ್ತದೆ, ಅಂದರೆ ಶೇಕಡಾ 16ರಷ್ಟು ಹೆಚ್ಚು. ಟಿ3500ರ ಬಯಾಸ್‌ನಲ್ಲಿ ಇದಕ್ಕೆ ಜಾಗವಿಲ್ಲ. ವಿಂಡೋಸ್‌ನಲ್ಲಿ ಥ್ರಾಟಲ್‌ಸ್ಟಾಪ್ ತಂತ್ರಾಂಶದಿಂದ ಬದಲಿಸಬೇಕು. ಯಂತ್ರ ಹ್ಯಾಂಗ್ ಆದರೂ ರೀಸ್ಟಾರ್ಟ್ ಮಾಡಿದಾಗ ಹಳೆಯ ಗುಣಕವೇ ಮರಳುತ್ತದೆ. ಆದ್ದರಿಂದ ಆ ತಂತ್ರಾಂಶವನ್ನು ತಾನಾಗಿ ಶುರುವಾಗುವಂತೆ ಇಡಬೇಡಿ.

ಈಗ ಬಿಸಿ. ಟ್ರಾನ್ಸಿಸ್ಟರ್‌ಗಳು ತೆರೆದು ಮುಚ್ಚುವಾಗ ಖರ್ಚಾಗುವ ಶಕ್ತಿ ಆವೃತ್ತಿಗೆ ನೇರ ಅನುಪಾತದಲ್ಲಿದೆ. ವೋಲ್ಟೇಜ್‌ನ ವರ್ಗಕ್ಕೂ ಅನುಪಾತದಲ್ಲಿದೆ. ವೋಲ್ಟೇಜ್ ಹಾಗೇ ಇದ್ದರೆ 16ರ ವೇಗಕ್ಕೆ 16ರ ಬಿಸಿ. ವೋಲ್ಟೇಜನ್ನೂ ಶೇಕಡಾ 10 ಏರಿಸಿದರೆ 1.16 × 1.21, ಅಂದರೆ 1.40. ವೇಗ 16, ಬಿಸಿ 40! 130 ವ್ಯಾಟ್‌ಗೆಂದು ಮಾಡಿದ ಹೀಟ್‌ಸಿಂಕ್ 180 ವ್ಯಾಟ್ ಹೊರಬೇಕು. ಬಯಾಸ್ ವೋಲ್ಟೇಜ್ ಮುಟ್ಟಲು ಬಿಡುವುದಿಲ್ಲವೆಂದು ಕೆಲವರು ಗೊಣಗುತ್ತಾರೆ. ಅದು ಉಪಕಾರವೆಂದೇ ನನ್ನ ಎಣಿಕೆ.

ಫ್ಯಾನ್ ಎಷ್ಟೇ ತಿರುಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಡಿಸೆಂಬರ್‌ನಲ್ಲಿ ಸರಿಯಾಗಿ ಓಡಿದ ಗುಣಕ, ನಮ್ಮೂರಲ್ಲಿ 36–37 ಡಿಗ್ರಿ ಮುಟ್ಟುವ ಏಪ್ರಿಲ್ ಮಧ್ಯಾಹ್ನ ಕೈಕೊಡಬಹುದು. ಮೊದಲು ಹೀಟ್‌ಸಿಂಕ್‌ನ ಧೂಳು ತೆಗೆಯಿರಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಆಮೇಲೆ ಒಂದೊಂದೇ ಅಂಕಿ ಏರಿಸಿ, ಪ್ರತಿ ಸಲ ಅರ್ಧ ಗಂಟೆ ಪೂರ್ಣ ಹೊರೆ ಕೊಟ್ಟು ನೋಡಿ. ಉಷ್ಣತೆ 80 ಡಿಗ್ರಿ ದಾಟಿದರೆ ಹಿಂದಕ್ಕೆ ಬನ್ನಿ.

ಹ್ಯಾಂಗ್ ಆಗುವುದು ದೊಡ್ಡ ಅಪಾಯವಲ್ಲ, ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದೆ ತಪ್ಪು ಲೆಕ್ಕ ಮಾಡಿ ಫೈಲ್ ಕೆಡಿಸಿದರೆ ಗೊತ್ತೇ ಆಗುವುದಿಲ್ಲ. ಪ್ರಾಜೆಕ್ಟ್‌ನ ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ಕಾಲೇಜಿನ ಲ್ಯಾಬ್ ಯಂತ್ರಗಳ ಮೇಲೆ ಈ ಪ್ರಯೋಗ ಬೇಡವೇ ಬೇಡ.

ಇನ್ನೊಂದು ಮಾತು: ವಿಂಡೋಸ್ ತೆರೆಯಲು ಮೂರು ನಿಮಿಷ ಹಿಡಿಯುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಪ್ರೊಸೆಸರ್‌ದಲ್ಲ, ಹಳೆಯ ಹಾರ್ಡ್‌ಡಿಸ್ಕ್‌ದು. ಅಲ್ಲಿ ಗುಣಕ ಏರಿಸಿ ಪ್ರಯೋಜನವಿಲ್ಲ. ಒಂದು ಎಸ್‌ಎಸ್‌ಡಿ ಹಾಕಿಸಿ.